ಹೊಳೆಯೂರಿನಿಂದ ಬಂದ ಕರಡಿಗೆ

“ಮತ್ತೊಮ್ಮೆ ಹೇಳ್ರಿ,” ಎಂದೆ. “ಬಸ್ಸು ಇಳಿದ್ರಿ. ಆಮ್ಯಾಲ?”

ಕಾಳಿನ ಅಂಗಡಿಯ ವೈಜನಾಥ ನನ್ನ ಮುಖ ನೋಡಿದ. ಇವನಿಗೆ ತಲೆಗಿಲೆ ಕೆಟ್ಟಿದೆಯೋ ಎಂಬ ನೋಟ. ಕೆಟ್ಟಿತ್ತು, ಸುಳ್ಳೇಕೆ ಹೇಳಲಿ. ಆ ಇಂಗ್ಲಿಷ್ ಊರಿನ ಕತೆಯನ್ನು ಅವನ ಬಾಯಿಂದ ಎಷ್ಟು ಸಲ ಕೇಳಿದ್ದೆನೆಂದರೆ, ನಾನೇ ಹೋಗಿ ಬಂದವನಂತೆ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಭಾಷಣ ಬಿಗಿಯಬಹುದಿತ್ತು. ಒಂದು ಸಲವೂ ಕತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಸುಳ್ಳು ಹೇಳುವವನು ಎಲ್ಲಾದರೂ ಒಂದು ಕಡೆ ಎಡವಬೇಕು. ಈ ಪುಣ್ಯಾತ್ಮ ಎಡವಲೊಲ್ಲ.

ಇವನ ತಮ್ಮ ಮಹಾರುದ್ರಪ್ಪ ಆ ಊರಿನ ಹೊಳೆಯಲ್ಲಿ ಮುಳುಗಿ ಸತ್ತನೆಂದು ಇವನು ಹೇಳುತ್ತಾನೆ. ಸತ್ತಿಲ್ಲವೆಂದು ಆ ತಮ್ಮನ ಹೆಂಡತಿ ತುಳಜಾಬಾಯಿ ಹೇಳುತ್ತಾಳೆ. ಇಬ್ಬರ ನಡುವೆ ಸಿಕ್ಕಿಕೊಂಡವನು ನಾನು, ಮಚ್ಚೇಂದ್ರ, ನೌಕರಿ ಮುಗಿಸಿ ಹುಮನಾಬಾದಿನಲ್ಲಿ ಸುಮ್ಮನೆ ಕೂತಿದ್ದ ಮಾಜಿ ಪೊಲೀಸ್ ಫೌಜದಾರ. ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ಅಂಗಳದ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಇಂದು ಮಹಾರುದ್ರಪ್ಪನ ಹೆಸರಿನ ಗಣಾರಾಧನೆ, ಸತ್ತವರ ಹೆಸರಲ್ಲಿ ಅಯ್ಯನವರಿಗೆ ಉಣಿಸುವ ಕಾರ್ಯ. ತುಳಜಾಬಾಯಿ ಹಟ ಹಿಡಿದು ಇಷ್ಟು ದಿನ ತಡೆದಿದ್ದಳು, ಇನ್ನು ತಡೆಯುವಂತಿರಲಿಲ್ಲ. ಮಠದ ಅಯ್ಯನವರು ಬಂದು ಪಡಸಾಲೆಯಲ್ಲಿ ಕೂತಾಗಿತ್ತು. ಅವರು ಪ್ರಸಾದ ಉಂಡು ಎದ್ದರೆಂದರೆ ಅವಳ ಬಳೆ ಒಡೆಯುತ್ತಾರೆ, ತಾಳಿ ತೆಗೆಯುತ್ತಾರೆ, ಹಣೆಯ ಕುಂಕುಮ ಅಳಿಸುತ್ತಾರೆ. ಗಂಡ ಎಲ್ಲೋ ಬದುಕಿದ್ದರೂ ಅಲ್ಲಿಂದ ಮುಂದೆ ಅವಳು ವಿಧವೆ. ಹುಗ್ಗಿ ಬೇಯುವ ತನಕ ಮಾತ್ರ ನನಗೆ ಸಮಯ.

ನಾನು ಕೂತದ್ದು ಹೊರಗಿನ ಕಟ್ಟೆಯ ಮೇಲೆ. ನಮ್ಮ ಕೇರಿಯವರನ್ನು ಈ ಮನೆ ಹೊಸ್ತಿಲ ಒಳಗೆ ಕರೆಯುವುದಿಲ್ಲ. ಮಾತಿಗೊಮ್ಮೆ ಬಸವಣ್ಣ ಎನ್ನುವ ಊರು, ಆದರೆ ನನ್ನ ಚಹಾಕ್ಕೆ ಬೇರೆ ಗ್ಲಾಸು. ಅದು ಇರಲಿ, ಆ ಸಿಟ್ಟು ಹಳೆಯದು. ಹೊಸ ಸಿಟ್ಟು ಏನೆಂದರೆ ಸಾಕ್ಷಿ ಒಳಗೆ ದೇವರ ಜಗಲಿಯ ಮೇಲೆ ಕೂತಿದೆ, ಪತ್ತೇದಾರ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ. ಹೀಗಿದ್ದರೆ ನನ್ನ ತಲೆ ಪತ್ತೆ ಮಾಡಲೇ?

ಸಾಕ್ಷಿ ಎಂದರೆ ಒಂದು ಬೆಳ್ಳಿಯ ಕರಡಿಗೆ. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಡಬ್ಬಿ. ಲಿಂಗವಂತರ ಮನೆಯಲ್ಲಿ ಹುಟ್ಟಿದವನಿಗೆ ಕಟ್ಟಿದ ಲಿಂಗ, ಅವನು ಸತ್ತಾಗ ಅವನ ಅಂಗೈಯಲ್ಲೇ ಮಣ್ಣಿಗೆ ಹೋಗಬೇಕು. ಮಹಾರುದ್ರಪ್ಪನದು ಮಾತ್ರ ಅಣ್ಣನ ಕೋಟಿನ ಜೇಬಿನಲ್ಲಿ ಕೂತು ವಿಮಾನದಲ್ಲಿ ವಾಪಸು ಬಂದಿತ್ತು. ತುಳಜಾಬಾಯಿ ಹುಮನಾಬಾದಿಗೆ ಬಂದು ನನ್ನ ಬಾಗಿಲಲ್ಲಿ ನಿಂತು ಹೇಳಿದ್ದು ಇದೊಂದೇ ಮಾತು.

“ಲಿಂಗ ಮನಿಗೆ ಬಂದದ ಅಂದಮ್ಯಾಲ ನನ್ನ ಗಂಡ ಮಣ್ಣಿಗೆ ಹೋಗಿಲ್ರಿ.”

ಮಾತು ನನಗೆ ಸರಿ ಎನಿಸಿತ್ತು. ಆದರೆ ವೈಜನಾಥನ ಹತ್ತಿರ ಅದಕ್ಕೂ ಉತ್ತರ ಸಿದ್ಧವಿತ್ತು. ಹೊಳೆಯಿಂದ ಎತ್ತಿದ ಹೆಣವನ್ನು ಅಲ್ಲಿಯವರು ತಮ್ಮ ಪದ್ಧತಿಯಂತೆ ಪೆಟ್ಟಿಗೆಯಲ್ಲಿ ಮಲಗಿಸಿ ಹೂತರಂತೆ. ಕೈಗಡಿಯಾರ, ಕರಡಿಗೆ ಎರಡನ್ನೂ ಬಿಚ್ಚಿಟ್ಟು ಅಣ್ಣ ಬಂದಾಗ ಕೈಗೆ ಕೊಟ್ಟರಂತೆ. ಪರದೇಶದವರಿಗೆ ಲಿಂಗದ ವಿಷಯ ಏನು ತಿಳಿಯಬೇಕು ಎಂದುಬಿಟ್ಟರೆ ಯಾರು ತಾನೆ ಏನು ಹೇಳಿಯಾರು? ಊರೆಲ್ಲ ಹೌದು ಹೌದು ಎಂದು ತಲೆಯಾಡಿಸಿತು.

ತೆಗೆದು ನೋಡೋಣವೆಂದರೆ ಇನ್ನೊಬ್ಬರ ಲಿಂಗವನ್ನು ಮುಟ್ಟುವಂತಿಲ್ಲ. ಬಂದ ದಿನದಿಂದ ಕರಡಿಗೆ ಜಗಲಿಯ ಮೇಲಿದೆ. ಮುದುಕಿ ತಾಯಿ ರುಕ್ಮಿಣಿಬಾಯಿ ದಿನಾಲು ಅದರ ಮುಂದೆ ಒಂದು ಹೂ ಇಡುತ್ತಾಳೆ, ಅಷ್ಟೇ. ಹೆಣ ಅಲ್ಲೇ ಉಳಿದದ್ದರಿಂದ ಇವತ್ತು ಲಿಂಗವನ್ನಾದರೂ ಭೂಮಿಗೆ ಒಪ್ಪಿಸೋಣವೆಂದು ಅಯ್ಯನವರು ಹೇಳಿದ್ದರು. ಹಿತ್ತಲಲ್ಲಿ ಗುಣಿ ಕೂಡ ತೋಡಿಯಾಗಿತ್ತು. ನನ್ನ ಕಣ್ಣೆದುರೇ ನನ್ನ ಸಾಕ್ಷಿಯನ್ನು ಹೂಳುವವರಿದ್ದರು.

ವೈಜನಾಥ ಮತ್ತೆ ಶುರುಮಾಡಿದ.

ಊರಿನ ಹೆಸರು ಟ್ಯೂಕ್ಸ್‌ಬರಿ. ಹೇಳಲು ಹೋದರೆ ನನ್ನ ನಾಲಿಗೆ ಹಲ್ಲಿಗೆ ಸಿಕ್ಕುತ್ತದೆ, ಅದಕ್ಕೇ ನಾನು ಹೊಳೆಯೂರು ಎನ್ನುತ್ತೇನೆ. ಎರಡು ಹೊಳೆ ಕೂಡುವ ಜಾಗವಂತೆ. ಸೆವರ್ನ್ ಒಂದು, ಏವನ್ ಒಂದು. ಮಳೆ ಹೆಚ್ಚಾದರೆ ಸುತ್ತಲಿನ ಹುಲ್ಲುಗಾವಲೆಲ್ಲ ಮುಳುಗಿ ಊರೊಂದೇ ನಡುಗಡ್ಡೆಯಾಗಿ ಉಳಿಯುತ್ತದಂತೆ. ಮನೆಗಳಿಗೆ ಕಪ್ಪು ಮರದ ತೊಲೆ, ನಡುವೆ ಬಿಳಿ ಸುಣ್ಣ. ನೂರಾರು ವರ್ಷದ ಹಳೆಯ ಮನೆಗಳು ಕಿವಿ ಕೇಳದ ಮುದುಕಿಯರ ಹಾಗೆ ರಸ್ತೆಯ ಮೇಲೆ ಬಾಗಿ ನಿಂತಿವೆಯಂತೆ. ಅವುಗಳ ನಡುವೆ ಸಂದಿಗಳು, ಎದುರಿನಿಂದ ಒಬ್ಬ ಬಂದರೆ ನಾವು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟು. ಹೊಳೆದಂಡೆಗೆ ಹಿಟ್ಟಿನ ಹಳೆಯ ಗಿರಣಿ, ನೀರಿನಲ್ಲಿ ಹಂಸಗಳ ಹಿಂಡು.

“ನಮ್ಮ ಕಡೆ ಚಿತ್ರದಾಗ ನೋಡತೇವಲ್ರಿ, ಆ ಹಂಸ,” ಎಂದ. “ಬ್ರೆಡ್ಡು ಹಾಕಿದ್ರ ದಂಡಿಗೆ ಬಂದು ತಿಂತಾವ.”

ಹೇಳುತ್ತ ಹೇಳುತ್ತ ಅವನ ಮುಖ ಅರಳಿತು. ತಮ್ಮನನ್ನು ಮಣ್ಣು ಮಾಡಿದ ಊರನ್ನು ನೆನೆಯುವವನ ಮುಖವಲ್ಲ, ಕಾಶಿಗೆ ಹೋಗಿ ಬಂದವನ ಮುಖ. ಮೊದಲ ದಿನದಿಂದಲೂ ಇದು ನನ್ನನ್ನು ಚುಚ್ಚುತ್ತಿತ್ತು. ಆದರೆ ಮುಖ ಅರಳಿತೆಂದು ಯಾರನ್ನಾದರೂ ಹಿಡಿಯಲು ಬರುತ್ತದೆಯೇ? ನನ್ನ ನೌಕರಿಯ ದಿನಗಳಲ್ಲಿ ಮೇಲಿನ ಸಾಹೇಬರ ಮುಂದೆ ಹಾಗೆಂದಿದ್ದರೆ ನನ್ನನ್ನೇ ದವಾಖಾನೆಗೆ ಕಳಿಸುತ್ತಿದ್ದರು.

ಇವನು ಆ ಊರಿಗೆ ಹೋಗಿಯೇ ಇಲ್ಲ, ಮುಂಬಯಿಯಲ್ಲಿ ಕೂತು ಬಂದಿದ್ದಾನೆ ಎಂದು ಮೊದಲು ಅಂದುಕೊಂಡಿದ್ದೆ. ಬೀದರಿನಲ್ಲಿ ಒಬ್ಬ ಮುದುಕಿ ನರ್ಸಮ್ಮ ಇದ್ದಾಳೆ, ಆ ಸೀಮೆಯವಳು, ಇಲ್ಲಿಗೆ ಬಂದು ತಲೆ ಹಣ್ಣಾದವಳು. ಅವಳ ಮುಂದೆ ಕೂತು ಹಂಸದಿಂದ ಹಿಡಿದು ಸಂದಿಯ ತನಕ ಎಲ್ಲ ಒಪ್ಪಿಸಿದೆ. ಒಂದಾದರೂ ತಪ್ಪು ಹೇಳು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಪ್ರತಿಯೊಂದಕ್ಕೂ ಹೌದು ಹೌದು ಎಂದು, ಕೊನೆಗೆ ಊರು ನೆನಪಾಗಿ ಅಳತೊಡಗಿದಳು. ಅವಳನ್ನು ಸಮಾಧಾನ ಮಾಡಿ ಬಸ್ಸು ಹಿಡಿಯುವುದರಲ್ಲಿ ಸಾಕುಸಾಕಾಯಿತು. ಹೋದದ್ದು ಖರೆ, ನೋಡಿದ್ದು ಖರೆ.

ಆಸ್ತಿಗಾಗಿ ಸುಳ್ಳು ಹೇಳುತ್ತಿರಬಹುದೇ ಎಂದರೆ ಅದೂ ಕೂಡಿಬರಲಿಲ್ಲ. ತಮ್ಮ ಸತ್ತರೆ ಅವನ ಪಾಲಿನ ಹೊಲ ಕಾನೂನಿನ ಪ್ರಕಾರ ಹೆಂಡತಿಗೂ ತಾಯಿಗೂ ಹೋಗುತ್ತದೆ, ಅಣ್ಣನಿಗಲ್ಲ. ತಮ್ಮ ಪರದೇಶದಲ್ಲಿ ಬದುಕಿದ್ದರೇ, ಬೆಳೆಯೆಲ್ಲ ತಾನೇ ಉಣ್ಣುವ ಅಣ್ಣನಿಗೆ ಲಾಭ. ಹಾಗಿದ್ದ ಮೇಲೆ ಇವನು ಯಾವ ಸುಖಕ್ಕೆ ತಮ್ಮನನ್ನು ಸಾಯಿಸಬೇಕು? ಒಂದು ತಿಂಗಳಿನಿಂದ ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಒಳಗಿನಿಂದ ಒಬ್ಬ ಹೆಂಗಸು ಬಂದು ಹಂಡೆಗೆ ಬೆಲ್ಲ ಸುರಿದು ಹೋದಳು. ಬೆಲ್ಲ ಬಿತ್ತೆಂದರೆ ಹುಗ್ಗಿ ಮುಗಿದ ಹಾಗೆ.

ಬಾಗಿಲ ಸಂದಿಯಿಂದ ಪಡಸಾಲೆ ಕಾಣುತ್ತಿತ್ತು. ತುಳಜಾಬಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಹಸಿರು ಬಳೆ, ಹಣೆಯ ತುಂಬ ಕುಂಕುಮ. ನೋಡಿದವರು ನೋಡಲಿ ಎಂದೇ ದೊಡ್ಡದಾಗಿ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ. ಅತ್ತೆ ಆಚೆ ಮೂಲೆಯಲ್ಲಿ, ಸೊಸೆಗೆ ಬೆನ್ನು ಮಾಡಿ. ಈ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟು ಬಹಳ ದಿನಗಳಾಗಿತ್ತು. ಮಗನನ್ನು ಕಳೆದುಕೊಂಡ ದುಃಖಕ್ಕೆ ಸೊಸೆಯ ಕಾಲ್ಗುಣವೇ ಕಾರಣ ಅಂದುಕೊಂಡಿರಬೇಕೆಂದು ನಾನು ಅವಳನ್ನು ಹೆಚ್ಚು ವಿಚಾರಿಸಿರಲಿಲ್ಲ.

“ಗುಡಿ ಕತಿ ಹೇಳ್ರಿ,” ಎಂದೆ ವೈಜನಾಥನಿಗೆ. ಕೇಳಲು ಬೇರೆ ಏನೂ ಉಳಿದಿರಲಿಲ್ಲ.

ಆ ಊರಿನಲ್ಲಿ ಒಂದು ದೊಡ್ಡ ಇಗರ್ಜಿ ಇದೆ. ಇವನು ಅದನ್ನು ಗುಡಿ ಎನ್ನುತ್ತಾನೆ. ಅದರ ಗೋಪುರ ಊರಿಗೆಲ್ಲ ಕಾಣುತ್ತದಂತೆ. ಹಿಂದೆ ಯಾವುದೋ ಕಾಲದಲ್ಲಿ ಎರಡು ಅರಸು ಮನೆತನದವರು ಆ ಊರಿನ ಹೊಲದಲ್ಲಿ ಹೊಡೆದಾಡಿದರಂತೆ. ಸತ್ತವರ ರಕ್ತ ಹರಿದ ಆ ಹುಲ್ಲುಗಾವಲಿಗೆ ಇವತ್ತಿಗೂ ರಕ್ತದ ಹೆಸರೇ ಇದೆಯಂತೆ.

ಇಷ್ಟನ್ನು ಹಿಂದೆಯೂ ಹೇಳಿದ್ದ. ಇಂಗ್ಲಿಷಿನ ಎ ಬಿ ಸಿ ಬಾರದ, ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತ ಮನುಷ್ಯನಿಗೆ ಇದೆಲ್ಲ ಯಾರು ಹೇಳಿದರೆಂದು ನಾನು ಕೇಳಿಯೂ ಆಗಿತ್ತು. ತಮ್ಮ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಒಬ್ಬ ಪಂಜಾಬಿ ಸರದಾರ ಇದ್ದನಂತೆ. ತಮ್ಮನೇ ನೋಡಲು ಬಾ ಎಂದು ಕರೆಸಿಕೊಂಡಿದ್ದ, ಇವನು ಹೋಗಿ ಮುಟ್ಟುವುದರೊಳಗೆ ತಮ್ಮ ಹೊಳೆಯ ಪಾಲಾಗಿದ್ದ, ಬಸ್ ಸ್ಟ್ಯಾಂಡಿನಲ್ಲಿ ಎದುರುಗೊಂಡು ಸುದ್ದಿ ಹೇಳಿದವನೂ ಸರದಾರ, ಸಮಾಧಿ ತೋರಿಸಿದವನೂ ಸರದಾರ, ಉರ್ದುವಿನಲ್ಲಿ ಊರ ಕತೆ ಹೇಳಿದವನೂ ಸರದಾರ. ಆ ಸರದಾರನ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಬೀಸಿದ ಪ್ರತಿ ಬಲೆಗೂ ಅವನು ಅಡ್ಡ ಬರುತ್ತಿದ್ದ.

ಅವತ್ತು ವೈಜನಾಥನಿಗೂ ಬೇಸರವಾಗಿತ್ತೋ ಏನೋ, ಕತೆಯನ್ನು ಬೇಗ ಮುಗಿಸುವ ಆತುರದಲ್ಲಿ ಒಂದು ಮಾತು ಮುಂದೆ ಹೋದ.

“ಸೋತವರು ಓಡಿ ಬಂದು ಗುಡಿಯೊಳಗ ಅಡಗಿದ್ರಂತ್ರಿ. ದೇವರ ಮನಿ, ಇದರೊಳಗ ಬಂದು ಯಾರು ಕೊಲ್ಲತಾರ ಅಂತ ನಂಬಿದ್ರು. ಅಲ್ಲಿಂದನೂ ಎಳಕೊಂಡು ಹೋಗಿ ಕೊಂದ್ರಂತ. ಇದು ಈ ದೇಶದ ಗೋರ್ಟಾ ಅಂತ ಅಂದ.”

ನಾನು ಚಹಾದ ಗ್ಲಾಸು ಕೆಳಗಿಟ್ಟೆ.

“ಯಾರು ಅಂದ?”

“ಅವನ ರಿ. ಸರದಾರ.”

“ಪಂಜಾಬದ ಸರದಾರಗ ನಮ್ಮ ಗೋರ್ಟಾ ಹ್ಯಾಂಗ ಗೊತ್ತು?”

ಗೋರ್ಟಾ ಇಲ್ಲಿಂದ ಹತ್ತಿರದ ಹಳ್ಳಿ. ರಜಾಕಾರರ ಕಾಲದಲ್ಲಿ ಅಲ್ಲಿ ಆದ ಕಗ್ಗೊಲೆಯನ್ನು ಈ ತಾಲೂಕಿನ ಮಕ್ಕಳೂ ಬಲ್ಲರು. ಆದರೆ ಬೆಂಗಳೂರಿನಿಂದ ಬಂದ ಸಾಹೇಬರಿಗೇ ನಾನು ಆ ಹೆಸರನ್ನು ಎರಡೆರಡು ಸಲ ಹೇಳಿ ತಿಳಿಸಬೇಕಾಗಿತ್ತು. ಸಮುದ್ರದಾಚೆಯ ಹೊಳೆದಂಡೆಯಲ್ಲಿ ನಿಂತು ಗೋರ್ಟಾ ಎಂದವನು ಪಂಜಾಬದವನಾಗಲು ಸಾಧ್ಯವಿರಲಿಲ್ಲ.

“ನಾನ ಹೇಳಿದ್ದೆ ಅವಗ,” ಎಂದ ವೈಜನಾಥ. “ಮಾತಿಗೆ ಮಾತು ಬಂತು, ಹೇಳಿದೆ.”

“ನಿಮ್ಮವ್ವನ ತವರು ಗೋರ್ಟಾ. ಆ ವರ್ಷ ತನ್ನ ಮಂದಿನ್ನ ಕಳಕೊಂಡಾಕಿ. ಆ ಊರ ಹೆಸರು ತೆಗೆದ್ರ ಅಕಿಗೆ ಕೂಳು ಇಳಿಯಂಗಿಲ್ಲ ಅಂತ ನೀವು ಮನ್ಯಾಗ ಅದರ ಸುದ್ದಿನ ಆಡಂಗಿಲ್ಲ. ಇದನ್ನ ನೀವ ನನಗ ಹೇಳೀರಿ. ಅಂಥವ್ರು ತಮ್ಮನ ಮಣ್ಣು ನೋಡಿ ಬಂದ ದಿನ, ಗುರುತಿಲ್ಲದ ಮನುಷ್ಯಾಗ ಗೋರ್ಟಾದ ಕತಿ ಹೇಳಿದ್ರಿ?”

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಬಿಸಿಲೇನೂ ಇರಲಿಲ್ಲ.

ನಾನು ಬಿಡಲಿಲ್ಲ. ಇಷ್ಟು ದಿನ ನುಂಗಿದ ಸಿಟ್ಟೆಲ್ಲ ಬಾಯಿಗೆ ಬಂದಿತ್ತು. ನಿಮಗೆ ಹಂಸ ತೋರಿಸಿದವನು, ಸಂದಿಗಳಲ್ಲಿ ತಿರುಗಾಡಿಸಿದವನು, ಗಿರಣಿಯ ಮುಂದೆ ನಿಲ್ಲಿಸಿ ಇದು ಇಷ್ಟು ಹಳೆಯದು ಎಂದವನು ನಮ್ಮ ಕಡೆಯವನು, ನಮ್ಮ ಮಾತಿನವನು ಎಂದೆ. ನೀವು ಆ ಊರನ್ನು ಹೆಣ ಹುಡುಕಲು ಹೋದವರ ಹಾಗೆ ನೋಡಿಲ್ಲ, ಅಕ್ಕರೆಯ ತಮ್ಮನ ಕೈ ಹಿಡಿದು ನೋಡಿದ್ದೀರಿ ಎಂದೆ. ಆ ಹೊಳೆಯೂರಿನಲ್ಲಿ ಗೋರ್ಟಾ ಗೊತ್ತಿದ್ದವನು ಒಬ್ಬನೇ ಒಬ್ಬ. ಅವನು ಹೊಳೆಯ ಪಾಲಾಗಿದ್ದನೆಂದು ನೀವು ಹೇಳುವ ಹೊತ್ತಿನಲ್ಲಿ ಅವನು ನಿಮ್ಮ ಪಕ್ಕದಲ್ಲೇ ನಡೆಯುತ್ತಿದ್ದ.

ವೈಜನಾಥ ದನಿ ತಗ್ಗಿಸಿದ.

“ಬದುಕಿದ್ದ,” ಎಂದ. “ಖರೇ ಅದ. ಬದುಕಿದ್ದ.”

ಒಂದು ತಿಂಗಳು ಕಾದ ಮಾತು. ಕೇಳಿದ ಮೇಲೆ ಕುಣಿದಾಡಬೇಕಿತ್ತು. ನನಗೆ ಯಾಕೋ ಸುಸ್ತಾಯಿತು.

ಅವನು ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಮಹಾರುದ್ರಪ್ಪ ಅಲ್ಲಿ ಒಬ್ಬ ಇಂಗ್ಲಿಷ್ ಹೆಂಗಸಿನ ಜೊತೆ ಮನೆ ಮಾಡಿದ್ದ. ಅಣ್ಣನನ್ನು ಕರೆಸಿದ್ದೇ ಅದನ್ನು ಬಾಯಿಬಿಟ್ಟು ಹೇಳಲು. ಮೊದಲು ಊರೆಲ್ಲ ತಿರುಗಾಡಿಸಿ, ಗುಡಿ ತೋರಿಸಿ, ಉಣಿಸಿ ತಿನಿಸಿ, ಹೊರಡುವ ಹಿಂದಿನ ದಿನ ಹೊಳೆಯ ದಂಡೆಗೆ ಕರೆದೊಯ್ದು ಹೇಳಿದ. ಅಣ್ಣ ಬೈದ, ಕಾಲು ಹಿಡಿದ, ಅತ್ತ. ಆಗ ತಮ್ಮ ಕೊರಳಿನ ಕರಡಿಗೆಯನ್ನು ತೆಗೆದು ಅವನ ಅಂಗೈಯಲ್ಲಿಟ್ಟ.

“ನನ್ನ ಮುಂದ ಕರಡಿಗಿ ತೆರೆದು, ಲಿಂಗಕ್ಕ ಕೈ ಮುಗಿದು, ಮತ್ತ ಮುಚ್ಚಿ ಕೊಟ್ಟ,” ಎಂದ ವೈಜನಾಥ. “ಇದನ್ನ ಕಟಗೊಳ್ಳೂ ಯೋಗ್ಯತಾ ನನಗಿಲ್ಲ ಅಣ್ಣಾ, ನಾ ಸತ್ತೆ ಅಂತ ಹೇಳಿಬಿಡು ಅಂದ. ನನ್ನ ಮಗಳ ಲಗ್ನ ಮಾಡಬೇಕು ಫೌಜದಾರ್ರ. ಕಾಕಾ ಲಿಂಗ ಕಿತ್ತು ಒಗೆದು ಬಿಳೇ ಹೆಂಗಸಿನ ಕೂಡ ಇದ್ದಾನ ಅಂದ್ರ ನಮ್ಮ ಬಾಗಿಲಿಗೆ ಯಾರು ಬರತಾರ? ಲಿಂಗ ತೆಗೆದಾಂವ ಬದುಕಿದ್ರೂ ಸತ್ತಂಗ. ನಾ ಹೇಳಿದ್ದು ಸುಳ್ಳ ಅಲ್ಲ.”

ಲಾಭವಿಲ್ಲದೆ ಸುಳ್ಳು ಹೇಳಿದ್ದೇಕೆ ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಮರ್ಯಾದೆ. ಇಷ್ಟು ದಿನ ನಾನು ಹೊಲದ ಕಡೆಗೇ ನೋಡುತ್ತಿದ್ದೆ, ಮದುವೆಗೆ ಬಂದ ಹುಡುಗಿಯ ಕಡೆ ನೋಡಿರಲಿಲ್ಲ. ನನ್ನ ಬುದ್ಧಿಗೆ ನಾನೇ ಛೀ ಎಂದುಕೊಂಡೆ.

ತಲೆ ಎತ್ತಿದರೆ ತುಳಜಾಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡ ಬದುಕಿದ್ದಾನೆ ಎಂದು ಸಂತೋಷಪಡಬೇಕೋ, ಇನ್ನೊಬ್ಬಳ ಜೊತೆ ಬದುಕಿದ್ದಾನೆ ಎಂದು ಅಳಬೇಕೋ ತಿಳಿಯದೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ಕೇಳಿದ್ದನ್ನೇ ಹುಡುಕಿ ಕೊಟ್ಟಿದ್ದೆ, ಕೊಟ್ಟದ್ದು ಕೆಂಡವಾಗಿತ್ತು.

“ಬಳಿ ಒಡೆಯೂದು ಬ್ಯಾಡ ಅಂತ ಹೇಳ್ರಿ ಭಾವ,” ಎಂದಳು ಅವಳು. “ಹ್ಯಾಂಗರ ಇರಲಿ, ಎಲ್ಲೆರ ಇರಲಿ. ಇದ್ದಾರಲ್ಲ.”

ಒಳಗೆ ಅಯ್ಯನವರು ಎದ್ದು ನಿಂತರು. ವಯಸ್ಸಾದವರು, ಮೆತ್ತಗಿನ ಮನುಷ್ಯ. ಅವತ್ತು ಮಾತ್ರ ಅವರ ದನಿ ಖಡಕ್ಕಾಗಿತ್ತು. ಬದುಕಿದ್ದವನ ಆರಾಧನೆ ಮಾಡಿಸಿ ನನ್ನನ್ನೂ ಪಾಪದಲ್ಲಿ ಕೆಡವುತ್ತಿದ್ದೀಯಲ್ಲೋ ಎಂದು ವೈಜನಾಥನಿಗೆ ಬೈದರು. ಹುಗ್ಗಿಯನ್ನು ಊರ ಬಡವರಿಗೆ ಹಂಚಿಬಿಡಿ ಎಂದರು. ಲಿಂಗವನ್ನು ಮಣ್ಣಿಗೆ ಕೊಡುವ ಮಾತೇ ಇಲ್ಲ, ಮಠದಲ್ಲಿಟ್ಟು ಪೂಜೆ ಮಾಡುತ್ತೇನೆ, ಅವನು ಬುದ್ಧಿ ಬಂದು ತಿರುಗಿ ಬಂದರೆ ಕಟ್ಟುತ್ತೇನೆ ಎಂದರು. ಜಗಲಿಯ ಮುಂದೆ ಹೋಗಿ ಕೈ ಮುಗಿದು ಕರಡಿಗೆಯನ್ನು ಎತ್ತಿಕೊಂಡರು.

ಎತ್ತಿಕೊಂಡವರು ಅಲ್ಲೇ ನಿಂತರು. ಅಂಗೈಯಲ್ಲಿ ಒಮ್ಮೆ ತೂಗಿ ನೋಡಿದರು. ನಂತರ ಮುಚ್ಚಳ ತೆರೆದರು.

ನಾನು ಕಟ್ಟೆಯಿಂದ ಎದ್ದು ಹೊಸ್ತಿಲ ಹತ್ತಿರ ಹೋಗಿದ್ದೆ. ಯಾರೂ ತಡೆಯಲಿಲ್ಲ. ಅಯ್ಯನವರು ಕರಡಿಗೆಯನ್ನು ನಮ್ಮ ಕಡೆ ತಿರುಗಿಸಿ ಹಿಡಿದರು. ಒಳಗೆ ಒಂದಿಷ್ಟು ವಿಭೂತಿಯ ಪುಡಿ ಬಿಟ್ಟರೆ ಏನೂ ಇರಲಿಲ್ಲ.

ತುಳಜಾಬಾಯಿ ಕೊರಳ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದಳು. ಅವಳು ಯೋಚಿಸಿದ್ದೇ ನನಗೂ ಹೊಳೆಯಿತು. ಲಿಂಗ ಮನೆಗೆ ಬಂದಿಲ್ಲವೆಂದರೆ ಅದು ಅವನ ಅಂಗೈಯಲ್ಲೇ ಇದೆ, ಅವನ ಜೊತೆ ಮಣ್ಣಿನಲ್ಲಿದೆ. ಈಗ ಕೇಳಿದ ಕತೆಯೂ ಸುಳ್ಳು. ಒಂದು ಗಳಿಗೆಯ ಹಿಂದೆ ಬದುಕಿಸಿದ ಗಂಡನನ್ನು ಮತ್ತೆ ನನ್ನ ಕೈಯಾರೆ ಕೊಂದ ಹಾಗಾಯಿತು. ಇಂಥ ದರಿದ್ರ ಕೇಸನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಆದರೆ ವೈಜನಾಥ ನಮ್ಮೆಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದಿದ್ದ. ಎದ್ದು ಒಳಗೆ ಓಡಿ, ಜಗಲಿಯ ಮೇಲೆ, ಕೆಳಗೆ, ಹೂವಿನ ಬುಟ್ಟಿಯಲ್ಲಿ ತಡಕಾಡಿದ. ಅದು ನಾಟಕವಾಗಿರಲಿಲ್ಲ. ಅಷ್ಟು ಚೆನ್ನಾಗಿ ನಾಟಕ ಮಾಡುವವನು ಕಾಳಿನ ಅಂಗಡಿಯಲ್ಲಿ ಕೂರುವುದಿಲ್ಲ.

“ಇದರಾಗ ಇತ್ತು,” ಎಂದ. “ಅಯ್ಯನೋರ, ನಿಮ್ಮಾಣಿ, ಇದರಾಗ ಇತ್ತು. ತಂದು ಇಡೂ ದಿನ ಅಳ್ಳಾಡಿಸಿ ನೋಡೀನಿ. ಈ ಮನ್ಯಾಗ ಯಾರು ಮುಟ್ಟಿದ್ರು?”

ಉತ್ತರ ಬಂದದ್ದು ಮೂಲೆಯಿಂದ. ಇಷ್ಟು ಹೊತ್ತೂ ಬೆನ್ನು ಮಾಡಿ ಕೂತಿದ್ದ ರುಕ್ಮಿಣಿಬಾಯಿ ತಿರುಗಿದ್ದಳು.

“ಯಾರೂ ಮುಟ್ಟಿಲ್ಲ,” ಎಂದಳು. “ಅವನ ಲಿಂಗ ಅವನ ಒಯ್ದ.”

ಮುದುಕಿ ನನ್ನ ಕಡೆಗಲ್ಲ, ಅಯ್ಯನವರ ಕಡೆಗೆ ನೋಡಿ ಹೇಳಿದಳು. ಹೋದ ಎಳ್ಳಮಾವಾಸ್ಯೆಯ ದಿನ. ಭೂಮಿಗೆ ಪೂಜೆ ಮಾಡಿ ಅಡುಗೆಯ ಚರಗ ಚೆಲ್ಲಲು ಊರಿಗೆ ಊರೇ ಹೊಲಕ್ಕೆ ಹೋಗಿತ್ತು, ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಮೊಣಕಾಲು ನೋವೆಂದು ಇವಳು ಮನೆಯಲ್ಲೇ ಉಳಿದಿದ್ದಳು. ಮಧ್ಯಾಹ್ನ ಬಾಗಿಲು ನೂಕಿಕೊಂಡು ಮಹಾರುದ್ರಪ್ಪ ಬಂದ. ಸತ್ತ ಮಗ ಎದುರಿಗೆ ನಿಂತಾಗ ತನಗೆ ಹೆದರಿಕೆಯೂ ಆಗಲಿಲ್ಲವೆಂದಳು. ಎಲ್ಲ ಬಿಟ್ಟು ಬಂದೆನವ್ವಾ ಎಂದು ಅವಳ ಕಾಲ ಮೇಲೆ ಬಿದ್ದು ಅತ್ತ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಜಗಲಿಯ ಮುಂದೆ ಕೂತು ತನ್ನ ಲಿಂಗವನ್ನು ತಾನೇ ತೆಗೆದುಕೊಂಡ. ಕರಡಿಗೆ ಇಲ್ಲೇ ಇರಲಿ, ತುಳಜಾಳ ಮುಂದೆ ತಪ್ಪೊಪ್ಪಿಕೊಳ್ಳುವ ತನಕ ಯಾರಿಗೂ ತಿಳಿಯುವುದು ಬೇಡ ಎಂದ. ಮುದುಕಿಯೇ ತನ್ನ ಸೆರಗಿನ ತುದಿ ಹರಿದು ಲಿಂಗವನ್ನು ಕಟ್ಟಿಕೊಟ್ಟಳು.

“ತುಳಜಾ ಎಲ್ಲಿ ಅಂದ. ಹೊಲಕ್ಕ ಹೋಗ್ಯಾಳ ಅಂದೆ. ಉಣ್ಣಂದ್ರೂ ಕೇಳಲಿಲ್ಲ, ಅಲ್ಲಿಗೆ ಹೋಗತೀನಿ ಅಂತ ಹ್ವಾದ. ತಿರುಗಿ ಬರಲಿಲ್ಲ.” ಮುದುಕಿ ಸೊಸೆಯ ಕಡೆ ಕೈ ತೋರಿಸಿದಳು. “ಇಕಿನ ಬೈದು ಅಟ್ಟಿರಬೇಕು, ಆ ದೇಶಕ್ಕ ತಿರುಗಿ ಹ್ವಾದ ಅಂತ ತಿಳಕೊಂಡೆ. ಅವತ್ತಿನಿಂದ ಇಕಿ ಮಾರಿ ನೋಡಿಲ್ಲ ನಾ, ಬಳಿ ಒಡದ್ರ ಒಡೀಲಿ ಅಂತ ಬಾಯಿ ಬಿಡಲಿಲ್ಲ.”

ತುಳಜಾಬಾಯಿ ಅತ್ತೆಯ ಮುಂದೆ ಹೋಗಿ ಕೂತಳು.

“ಅತ್ತೀ, ನಾ ಹೊಲದಾಗ ಇರಲಿಲ್ರಿ,” ಎಂದಳು. “ಗಂಡ ಸತ್ತಾಕಿ ಹೊಲದ ಪೂಜಿಗೆ ಬರಬಾರದು ಅಂತ ಮುಂಜಾನೆ ನೀವು ಏಳೂಕಿಂತ ಮೊದಲ ಭಾವ ನನ್ನ ಬೇಮಳಖೇಡದ ಬಸ್ಸಿಗೆ ಹತ್ತಿಸಿದ್ರು. ಅವತ್ತ ಹೊತ್ತು ಮುಳುಗೂ ತನಕ ನಾ ತವರಮನ್ಯಾಗ ಇದ್ದೆ. ಅವರು ಬಂದಿದ್ದ ನನಗ ಗೊತ್ತಿಲ್ಲ.”

ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ನಾನು ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಬಂದು ನಿಂತಿದ್ದೆನೆಂಬುದು ನನಗೇ ಆಗ ಗಮನಕ್ಕೆ ಬಂತು. ವೈಜನಾಥ ಹೂವಿನ ಬುಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. ಕೆಳಗಿಡುವುದನ್ನು ಮರೆತಿದ್ದ.

ರುಕ್ಮಿಣಿಬಾಯಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದಳು. ದೊಡ್ಡ ಮಗನ ಹತ್ತಿರ ಬಂದು ಅವನ ಗದ್ದ ಹಿಡಿದು ಮುಖ ಎತ್ತಿದಳು.

“ವೈಜೂ, ನಿನ್ನ ಹೇಣ್ತಿ ಮಕ್ಕಳು ಅವತ್ತ ಅಕಿ ತವರವರ ಹೊಲಕ್ಕ ಹೋಗಿದ್ರು. ನಮ್ಮ ಹೊಲಕ್ಕ ಚರಗ ಚೆಲ್ಲಾಕ ಹೋದಾಂವ ನೀ ಒಬ್ಬನ,” ಎಂದಳು. “ನನ್ನ ರುದ್ರ ಎಲ್ಲಿ?”

ವೈಜನಾಥ ತಾಯಿಯ ಕೈ ಬಿಡಿಸಿಕೊಂಡ. ಬುಟ್ಟಿಯನ್ನು ನೆಲಕ್ಕಿಟ್ಟು, ನನ್ನ ಪಕ್ಕದಲ್ಲೇ ಹಾದು, ಚಪ್ಪಲಿ ಕೂಡ ಮೆಟ್ಟದೆ ಹೊರಗೆ ನಡೆದ. ಗುಣಿ ತೋಡಿ ಅಂಗಳದ ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಹೊಲದ ದಾರಿ ಹಿಡಿದ.